ಎಡಗಡೆಯ ಸೀಟು

ನನ್ನ ಹೆಸರು ಶಾಂತಪ್ಪ. ನಗುವವರು ಈಗಲೇ ನಕ್ಕುಬಿಡಿ. ಮುಂಬಯಿಯ ಬೈಕುಲ್ಲಾದಲ್ಲಿ ನಮ್ಮ ಹೋಟೆಲಿನ ಗಲ್ಲಾದಲ್ಲಿ ಅರ್ಧ ಆಯುಷ್ಯ ಕೂತವನು ನಾನು. ನನ್ನ ಬಾಯಿಗೆ ಹೆದರಿ ಓಡಿಹೋದ ಸಪ್ಲಾಯರ್‌ಗಳನ್ನೆಲ್ಲ ಒಟ್ಟು ಮಾಡಿದ್ದರೆ ಇನ್ನೊಂದು ಹೋಟೆಲು ನಡೆಸಬಹುದಿತ್ತು. ಅರುವತ್ತೈದು ದಾಟಿದ ಮೇಲೆ ತಂಗಿ ನೀಲಾವತಿಯ ಮಗ ಸೃಜನ್‌ಗೆ ಗಲ್ಲಾ ಬಿಟ್ಟುಕೊಟ್ಟೆ. ಮದುವೆಯಾಗದವನಿಗೆ ತಂಗಿಯ ಮಗನೇ ಮಗ, ಅದರಲ್ಲಿ ವಿಶೇಷವೇನೂ ಇಲ್ಲ. ವಿಶೇಷ ಇರುವುದು ಬೇರೆ ಕಡೆ. ನಾನು ಮದುವೆಯಾಗದವನು ಎಂದು ನಲವತ್ತು ವರ್ಷ ತಿಳಿದುಕೊಂಡಿದ್ದೆನಲ್ಲ, ಅದೇ ತಪ್ಪು.

ಅದನ್ನು ಹೇಳುವ ಮೊದಲು ಗಾಡಿಯ ವಿಷಯ ಹೇಳಬೇಕು.

ನಮ್ಮ ಹೋಟೆಲಿನ ಹಿಂದಿನ ಗಲ್ಲಿ ಪೂರ್ತಿ ಗ್ಯಾರೇಜುಗಳು. ಹುಡುಗನಾಗಿದ್ದಾಗ ನನಗೆ ಸಾಂಬಾರಿನ ವಾಸನೆಗಿಂತ ಪೆಟ್ರೋಲಿನ ವಾಸನೆಯೇ ಹೆಚ್ಚು ಹಿಡಿಸುತ್ತಿತ್ತು. ಇಪ್ಪತ್ತೆರಡೋ ಇಪ್ಪತ್ತಮೂರೋ ಆಗಿದ್ದಾಗ ಗುಜರಿಗೆ ಹೊರಟಿದ್ದ ಒಂದು ಎಂ.ಜಿ. ಮಿಜೆಟ್ ಸಿಕ್ಕಿತು. ಇಂಗ್ಲಿಷ್ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ತಲೆಯ ಮೇಲೆ ಬಟ್ಟೆಯ ಹುಡ್, ನೆಲಕ್ಕೆ ಎಷ್ಟು ಹತ್ತಿರವೆಂದರೆ ಒಳಗೆ ಕೂತವನು ಕೈ ಹೊರಗೆ ಬಿಟ್ಟರೆ ರಸ್ತೆ ಮುಟ್ಟಬಹುದು. ಅದನ್ನು ಓಡುವ ಹಾಗೆ ಮಾಡಿದೆ. ಅದಕ್ಕೆ ಇನ್ನಷ್ಟು ಒಳ್ಳೆಯ ಸಾಮಾನು ಹಾಕಿಸುವ ಆಸೆಯಿಂದಲೇ ಹಡಗಿನ ಎಂಜಿನ್ ರೂಮಿನ ಕೆಲಸಕ್ಕೆ ಸೇರಿದೆ. ಇರಾನ್-ಇರಾಕ್ ಯುದ್ಧದ ಕಾಲ ಅದು. ನಮ್ಮ ಹಡಗಿಗೆ ಬಾಂಬು ಬಿತ್ತು, ಬದುಕಿದ ನಾಲ್ಕಾರು ಮಂದಿಯನ್ನು ಯಾರೋ ಹಿಡಿದುಕೊಂಡು ಹೋಗಿ ಯಾವುದೋ ಶಿಬಿರದಲ್ಲಿ ಕೂಡಿಹಾಕಿದರು. ಎರಡು ವರ್ಷ ಕಳೆದು ಮನೆಗೆ ಬಂದಾಗ ಬಾಗಿಲು ತೆರೆದ ಅಮ್ಮ ಒಂದು ಕೂಗು ಕೂಗಿ ಬಿದ್ದೇಬಿಟ್ಟಳು. ಸತ್ತನೆಂದು ತಿಳಿದಿದ್ದ ಮಗ ಬಂದ ಸಂತೋಷ ಎಂದುಕೊಂಡೆ. ಗಾಡಿ ಎಲ್ಲಿ ಎಂದು ಕೇಳಿದೆ. ಮಾರಿದೆ ಎಂದರು ಅಪ್ಪ. ಅವರ ಜೊತೆ ಒಂದು ವರ್ಷ ಮಾತು ಬಿಟ್ಟೆ, ಗಾಡಿಯ ಹುಚ್ಚನ್ನು ಜನ್ಮಕ್ಕೇ ಬಿಟ್ಟೆ. ಯಾರಾದರೂ ಸ್ಪೋರ್ಟ್ಸ್ ಕಾರಿನ ಮಾತೆತ್ತಿದರೆ ಎದ್ದುಹೋಗುತ್ತಿದ್ದೆ.

ಹೋದ ವರ್ಷ ಬೈಕುಲ್ಲಾದಲ್ಲಿ ಒಂದು ಹಳೆಯ ಪಾರ್ಸಿ ಕಟ್ಟಡ ಒಡೆಯುತ್ತಿದ್ದರು. ಕೆಳಗಿನ ಶೆಡ್ಡಿನ ಬಾಗಿಲು ಕಿತ್ತಾಗ ತಾಡಪತ್ರಿಯ ಅಡಿಯಿಂದ ಹಸಿರು ಮೂತಿಯೊಂದು ಇಣುಕಿತು. ತರಕಾರಿ ಚೀಲ ಹಿಡಿದುಕೊಂಡು ಹೋಗುತ್ತಿದ್ದವನು ಹಾಗೇ ನಿಂತೆ. ಮಿಜೆಟ್. ನನ್ನದಲ್ಲ, ನನ್ನದು ಕೆಂಪು. ಇದು ಅದರ ಜಾತಿಯದೇ ಇನ್ನೊಂದು. ಒಳಗೆ ಇಲಿ ಮರಿ ಹಾಕಿತ್ತು, ನೆಲದ ತಗಡು ತುಕ್ಕು ಹಿಡಿದು ಹಪ್ಪಳವಾಗಿತ್ತು. ಆದರೆ ಸ್ಟಿಯರಿಂಗ್ ಮೇಲೆ ಕೈ ಇಟ್ಟೆ ನೋಡಿ, ತರಕಾರಿ ಚೀಲ ಅಲ್ಲೇ ಮರೆತೆ.

"ನಿಮಗೆ ಮಂಡೆ ಸಮ ಉಂಟಾ ಅಣ್ಣಾ?" ಎಂದಳು ನೀಲಾವತಿ. ಪರೇಲಿನ ಟವರಿನ ಮನೆಯಲ್ಲಿ ನಾನು, ಅವಳು, ಸೃಜನ್ ಇರುವುದು. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಯಿತು. "ಈ ಪ್ರಾಯದಲ್ಲಿ ನೆಲದಲ್ಲಿ ಕೂತು ಓಡಿಸುವ ಗಾಡಿಯಾ? ಹತ್ತಿದರೆ ಇಳಿಸ್ಲಿಕ್ಕೆ ನಾಲ್ಕು ಜನ ಬೇಕು!"

"ನೀನು ಬರುವುದು ಬೇಡ ಬಿಡು," ಎಂದೆ.

ಗಾಡಿಯನ್ನು ಗಲ್ಲಿಯ ಶೆಟ್ಟೆಪ್ಪನ ಗ್ಯಾರೇಜಿಗೆ ಎಳೆಸಿಕೊಂಡು ಬಂದೆ. ಶೆಟ್ಟೆಪ್ಪ ವಿಜಯಪುರದ ಕಡೆಯವನು, ನನಗಿಂತ ಐದಾರು ವರ್ಷ ಚಿಕ್ಕವನು, ಜಗಳಕ್ಕೆ ನನಗೆ ಸರಿಜೋಡಿ. ದಿನಾ ಬೆಳಿಗ್ಗೆ ಚಹಾ ಕುಡಿದು ನಾನೂ ಅವನೂ ಅದರ ಅಡಿಗೆ ನುಗ್ಗುತ್ತಿದ್ದೆವು. ಬಣ್ಣ ಕೆರೆದರೆ ಅಡಿಯಲ್ಲಿ ಇನ್ನೊಂದು ಬಣ್ಣ, ಅದರ ಅಡಿಯಲ್ಲಿ ಪುಟ್ಟಿ. ಕಚ್ಚಿಕೊಂಡಿದ್ದ ಪಿಸ್ಟನ್‌ಗಳಿಗೆ ಡೀಸೆಲ್ ಕುಡಿಸಿ ಕುಡಿಸಿ ಕಾದೆವು. ಜೋಡಿ ಕಾರ್ಬುರೇಟರನ್ನು ಬಿಚ್ಚಿ, ತೊಳೆದು, ಎರಡೂ ಒಂದೇ ಉಸಿರು ಎಳೆಯುವ ತನಕ ಕಿವಿಯಿಟ್ಟು ಕೇಳಿದೆವು. ಕುರ್ಲಾದಲ್ಲಿ ತಾಡಪತ್ರಿ ಹೊಲಿಯುವವನ ಹತ್ತಿರ ಹೊಸ ಹುಡ್ ಹೊಲಿಸಿದೆ. ಉಗುರಿನ ಸಂದಿನ ಕರಿ ಹೋಗದೆ ಊಟದ ಹೊತ್ತಿಗೆ ನೀಲಾವತಿಯಿಂದ ಬೈಸಿಕೊಳ್ಳುತ್ತಿದ್ದೆ. ಎಷ್ಟೋ ವರ್ಷದ ಮೇಲೆ ರಾತ್ರಿ ಒಳ್ಳೆಯ ನಿದ್ದೆ ಬರುತ್ತಿತ್ತು. ನಾನು ಸಂತೋಷವಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಗಾಡಿ ತಯಾರಾದ ದಿನ ಶೆಟ್ಟೆಪ್ಪ ತೆಂಗಿನಕಾಯಿ ಒಡೆದ. ನಾನು ಹತ್ತಿ ಬಲಗಡೆಯ ಸೀಟಿನಲ್ಲಿ ಕೂತೆ. ಹೊರಗೆ ನಿಂತಿದ್ದ ಅವನ ಮುಖ ಗಂಟಾಯಿತು.

"ಇಳೀರಿ ಅಣ್ಣಾರ. ಎಡಗಡಿ ಸ್ಪ್ರಿಂಗ್ ಕುಂತೈತಿ."

ಇಳಿದೆ. ಗಾಡಿ ಸಮವಾಗಿತ್ತು. ಮತ್ತೆ ಹತ್ತಿದೆ. ಎಡಗಡೆ ಕೆಳಗೆ ಇಳಿಯಿತು. ಒಬ್ಬನೇ ಡ್ರೈವರ್ ಕೂತರೆ ಇಂಥ ಹಗುರ ಗಾಡಿ ಬಲಕ್ಕೆ ವಾಲಬೇಕು, ಅದು ಸಣ್ಣ ಮಕ್ಕಳಿಗೂ ಗೊತ್ತು. ಶೆಟ್ಟೆಪ್ಪ ಎಡಗಡೆಯ ಪಟ್ಟಿ ಸ್ಪ್ರಿಂಗ್ ಬದಲಿಸಿದ. ಅಷ್ಟೇ. ಆಮೇಲೆ ಎರಡೂ ಕಡೆ ಹೊಸತು ಹಾಕಿದ. ಅಷ್ಟೇ. ಕೊನೆಗೆ ತಾನೇ ಹತ್ತಿ ಕೂತ. ಗಾಡಿ ಬಲಕ್ಕೆ ವಾಲಿತು, ಹೇಗೆ ವಾಲಬೇಕೋ ಹಾಗೆ. ಪಕ್ಕದ ಗ್ಯಾರೇಜಿನವನನ್ನು ಕೂರಿಸಿದೆವು, ಬಲಕ್ಕೆ. ನಾನು ಕೂತೆ, ಎಡಕ್ಕೆ.

ಶೆಟ್ಟೆಪ್ಪ ಕೈ ಒರೆಸಿಕೊಂಡ. "ಗಾಡಿದೇನೂ ತಪ್ಪಿಲ್ರಿ," ಎಂದ. "ತಪ್ಪು ನಿಮ್ದ ಅದ. ಯಾರನ್ನ ಸಂಗಟ ಕರ್ಕೊಂಡು ಹತ್ತೀರಿ?"

"ನಿನ್ನ ತಲೆ!" ಎಂದು ಗಾಡಿ ಹೊರಡಿಸಿದೆ.

ಭಾನುವಾರ ಬೆಳಿಗ್ಗೆ ಮುಂಬಯಿಯ ರಸ್ತೆಗಳಲ್ಲಿ ಜನ ಕಡಿಮೆ. ವರಳಿಯ ಸಮುದ್ರದ ದಾರಿಯಲ್ಲಿ ಹುಡ್ ಇಳಿಸಿ ಹೊರಟೆ. ಎಂಜಿನಿನ ಸದ್ದು ಎದೆಗೆ ತಾಗುತ್ತಿತ್ತು. ಖುಷಿಯಲ್ಲಿ ಆಕ್ಸಿಲರೇಟರ್ ಅದುಮಿದೆ. ಮುಳ್ಳು ಮೇಲೇರುತ್ತಿದ್ದಂತೆ ಎರಡು ಸೀಟುಗಳ ನಡುವೆ 'ಕಟ್' ಎಂದಿತು. ನೋಡಿದರೆ ಹ್ಯಾಂಡ್‌ಬ್ರೇಕು ಒಂದು ಹಲ್ಲು ಮೇಲೆ ಬಂದಿದೆ. ಕೆಳಗೆ ತಳ್ಳಿದೆ. ಮತ್ತೆ ವೇಗ ಏರಿಸಿದೆ. ಮತ್ತೆ 'ಕಟ್'. ಈ ಸಲ ನಾನು ನೋಡುತ್ತಲೇ ಇದ್ದೆ. ಮುಟ್ಟುವವರಿಲ್ಲದೆ ಆ ಹಿಡಿ ನಿಧಾನವಾಗಿ ಮೇಲೇರಿತು, ಹೆದರಿದವರು ಏನು ಸಿಕ್ಕಿದರೆ ಅದನ್ನು ಹಿಡಿದುಕೊಳ್ಳುವ ಹಾಗೆ. ಎಡಗಡೆಯ ಸೀಟಿನ ರೆಕ್ಸಿನ್ ನಡುವಿನಲ್ಲಿ ತಗ್ಗಾಗಿತ್ತು. ನಲವತ್ತಕ್ಕೆ ಇಳಿಸಿದೆ. ಆಮೇಲೆ ಸದ್ದಿಲ್ಲ.

ಮನೆಗೆ ಬಂದಾಗ ನೀಲಾವತಿ ಕೆಳಗೆ ಗೇಟಿನ ಹತ್ತಿರ ನಿಂತಿದ್ದಳು. ನಾನಿನ್ನೂ ಸೀಟಿನಲ್ಲೇ ಇದ್ದೆ. ಅವಳು ಗಾಡಿ ವಾಲಿದ್ದನ್ನು ನೋಡಿದಳು, ಎಡಗಡೆಯ ಸೀಟು ನೋಡಿದಳು. ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ ಬಿತ್ತು.

ಮೇಲೆ ಹೋಗಿ ಹ್ಯಾಂಡ್‌ಬ್ರೇಕಿನ ವಿಷಯ ಹೇಳಿದ್ದೇ ತಡ, ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಮನೆಯಲ್ಲಿ ನಾವು ಆಡುವುದು ತುಳು. ಅವಳು ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

"ಅಣ್ಣಾ, ಬೈಬೇಡಿ. ನಿಮಗೆ ಮದುವೆ ಆಗಿದೆ."

"ಎಂತ?"

"ನೀವು ಸತ್ತಿರಿ ಅಂತ ಟೆಲಿಗ್ರಾಂ ಬಂತಲ್ಲ. ಆಮೇಲೆ ನನಗೆ ಗೊತ್ತಾದ ಸಂಬಂಧ ಎರಡು ಸಲ ಮುರಿಯಿತು. ಅಪ್ಪನಿಗೆ ಹುಷಾರಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿದರೆ, ಮದುವೆಯಾಗದೆ ಹೋದ ಮಗ ಮನೆಯ ಸುತ್ತಲೇ ಇದ್ದಾನೆ, ಅವನಿಗೊಂದು ಹೆಣ್ಣು ಬೇಕು ಅಂದರು."

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಸತ್ತವರು ಮನೆಯವರೇ. ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಅವರಿಗೆ ಎಲೆ ಹಾಕಿ ಬಡಿಸುತ್ತೇವೆ. ಮದುವೆಯಾಗದೆ ಸತ್ತವರಿಗೆ, ಹಾಗೇ ಸತ್ತ ಇನ್ನೊಂದು ಮನೆಯವರನ್ನು ಹುಡುಕಿ ಮದುವೆಯನ್ನೂ ಮಾಡಿಸುತ್ತೇವೆ. ಕುಲೆ ಮದುವೆ ಎನ್ನುತ್ತಾರೆ. ಕುಲೆ ಎಂದರೆ ಸತ್ತವರ ಜೀವ. ಮಣೆಯ ಮೇಲೆ ಒಂದು ಕಡೆ ಪಂಚೆ ಶಲ್ಯ, ಇನ್ನೊಂದು ಕಡೆ ಸೀರೆ, ಬಳೆ, ಕರಿಮಣಿ. ಜಾತಕ ನೋಡುವುದು, ದಿಬ್ಬಣ, ಊಟ, ಎಲ್ಲಾ ಉಂಟು.

ನನಗೂ ಹಾಗೆ ಮಾಡಿದ್ದರು. ನಾನು ಶಿಬಿರದಲ್ಲಿ ಒಣ ರೊಟ್ಟಿ ಕಡಿಯುತ್ತಿದ್ದಾಗ ಇಲ್ಲಿ ನನ್ನ ಮದುವೆಯೂಟ ನಡೆದಿತ್ತು. ಹುಡುಗಿ ಹರಿಣಿ, ಕುರ್ಲಾದಲ್ಲಿ ಕ್ಯಾಂಟೀನ್ ನಡೆಸುವವರ ಮಗಳು, ಹತ್ತೊಂಬತ್ತರಲ್ಲಿ ಕಾಮಾಲೆಯಾಗಿ ಹೋದವಳು. ಖರ್ಚಿಗೆ ಅಪ್ಪ ನನ್ನ ಕೆಂಪು ಗಾಡಿ ಮಾರಿದ್ದರು. ನನ್ನ ಗಾಡಿ ಮಾರಿ ನನಗೇ ಮದುವೆ! ಅಮ್ಮ ಬಾಗಿಲಲ್ಲಿ ಕೂಗಿ ಬಿದ್ದದ್ದು ಯಾಕೆಂದು ಆಗ ತಿಳಿಯಿತು.

"ಯಾಕೆ ಹೇಳ್ಲಿಲ್ಲ? ಇಷ್ಟು ವರ್ಷ ಬಾಯಲ್ಲಿ ಎಂತ ಇಟ್ಟುಕೊಂಡಿದ್ರಿ?" ನಾನು ಕೂಗಿದ್ದಕ್ಕೆ ಪಕ್ಕದ ಫ್ಲ್ಯಾಟಿನವರು ಬಾಗಿಲು ತೆರೆದರು.

"ಹೇಳಿದ್ರೆ ಅವಳನ್ನು ಕರೆದ ಹಾಗೆ ಆಗ್ತದೆ ಅಂತ ಅಮ್ಮನಿಗೆ ಹೆದರಿಕೆ. ಆದ್ರೆ ಪ್ರತಿ ಆಟಿಯಲ್ಲಿ ಸೊಸೆ ಅಂತ ಅಡುಗೆಮನೆಯಲ್ಲಿ ಒಂದು ಎಲೆ ಹಾಕ್ತಿದ್ರು. ಅಜ್ಜಿಗೆ ಅಂತ ನಿಮಗೆ ಹೇಳಿದ್ದು. ಅವರ ನಂತರ ನಾನೂ ಹಾಕಿದೆ. ಚಾಳಿನ ಕೋಣೆಯಿಂದ ಈ ಟವರಿಗೆ ಬಂದ ಮೇಲೆ ಬಿಟ್ಟೆ, ಅಣ್ಣಾ. ಇಪ್ಪತ್ತನೇ ಮಾಳಿಗೆಗೆ ಯಾರು ಹತ್ತಿ ಬರ್ತಾರೆ ಅಂತ."

ಮುರಿದುಬಿದ್ದ ನನ್ನ ಸಂಬಂಧಗಳೆಲ್ಲ ನೆನಪಾದವು. ಒಬ್ಬಳ ತಂದೆಗೆ ಹೃದಯಾಘಾತ, ಇನ್ನೊಬ್ಬಳ ಕಡೆಯವರು ಕಾರಣವನ್ನೇ ಹೇಳದೆ ಹಿಂದೆ ಸರಿದರು. ನನ್ನ ಸಿಟ್ಟಿನ ಕತೆ ಕೇಳಿ ಹೆದರಿದರು ಎಂದೇ ಅಂದುಕೊಂಡಿದ್ದೆ.

ಮರುದಿನವೇ ಕುರ್ಲಾಕ್ಕೆ ಹೋದೆ. ನಮ್ಮವರನ್ನಂತೂ ಬೈದಾಗಿತ್ತು, ಈಗ ಅವರ ಕಡೆಯವರನ್ನೂ ಬೈಯಬೇಕಿತ್ತು. ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ ಕ್ಯಾಂಟೀನು, ಗಲ್ಲಾದಲ್ಲಿ ಹರಿಣಿಯ ತಮ್ಮ ಐತಪ್ಪ, ತಲೆ ಪೂರ್ತಿ ಬಿಳಿ. ಹೆಸರು ಹೇಳಿದೆ. ಅವನು ಎದ್ದುನಿಂತ.

"ಈಗ ಬಂದ್ರಾ ಭಾವ?" ಎಂದ. ಆ ಒಂದು 'ಭಾವ'ಕ್ಕೆ ನಾನು ತಂದಿದ್ದ ಬೈಗುಳವೆಲ್ಲ ಗಂಟಲಲ್ಲೇ ಉಳಿಯಿತು.

"ನೀವು ಬದುಕಿ ಬಂದದ್ದು ನಮಗೆ ಎಷ್ಟೋ ವರ್ಷದ ಮೇಲೆ ಯಾರೋ ಹೇಳಿ ಗೊತ್ತಾದದ್ದು," ಎಂದು ಅವನೇ ಶುರುಮಾಡಿದ. "ನಿಮ್ಮಪ್ಪ ಒಂದು ಮಾತು ಹೇಳ್ಲಿಲ್ಲ. ನಮ್ಮಮ್ಮ ಮೂರು ದಿನ ಊಟ ಬಿಟ್ಟಳು. 'ಮಗಳನ್ನು ಕೊಟ್ಟೆ ಅಂತ ನೆಮ್ಮದಿಯಲ್ಲಿದ್ದೆನಲ್ಲ, ಅಲ್ಲಿ ಅವಳು ಒಬ್ಬಳೇ ಬಾಗಿಲಲ್ಲಿ ನಿಂತಿದ್ದಾಳೆ, ಗಂಡ ಬರಲೇ ಇಲ್ಲ' ಅಂತ. ನೀವು ಬದುಕಿದ್ದು ನಮಗೆ ಬೇಸರ ಅಲ್ಲ ಭಾವ. ಆದ್ರೆ ಅಕ್ಕನ ಗತಿ ಎಂತ? ನಿಮ್ಮ ಮನೆಗೆ ಕೊಟ್ಟ ಹೆಣ್ಣು, ನಮ್ಮಲ್ಲಿ ಎಲೆ ಹಾಕುವ ಹಾಗಿಲ್ಲ. ನೀವು ಇರುವ ತನಕ ನಿಮ್ಮ ಪಕ್ಕದಲ್ಲೂ ಹಾಕುವ ಹಾಗಿಲ್ಲ."

ಹ್ಯಾಂಡ್‌ಬ್ರೇಕಿನ ಕತೆ ಹೇಳಿದೆ. ಐತಪ್ಪನ ಕಣ್ಣು ತುಂಬಿತು.

"ಅವಳೇ. ಟ್ಯಾಕ್ಸಿಯಲ್ಲಿ ಕೂತ್ರೆ 'ಭಯ್ಯಾ ಧೀರೇ, ಭಯ್ಯಾ ಧೀರೇ' ಅಂತ ದಾರಿಯುದ್ದ ಜಪ, ನಿಧಾನ ಹೋಗ್ಲಿಕ್ಕೆ. ಕಿಟಕಿ ಬದಿ ಮಾತ್ರ ಬಿಡ್ತಿರ್ಲಿಲ್ಲ."

ಗೋಡೆಯಿಂದ ಫೋಟೋ ಇಳಿಸಿ ಕೊಟ್ಟ. ಎರಡು ಜಡೆ, ಸ್ವಲ್ಪ ಉಬ್ಬು ಹಲ್ಲು, ಫೋಟೋ ತೆಗೆಯುವವನ ಮೇಲೆ ಏನೋ ಅಸಮಾಧಾನ. ನಾನು ನನ್ನ ಹೆಂಡತಿಯನ್ನು ಮೊದಲ ಸಲ ನೋಡಿದ್ದು ಹಾಗೆ.

"ಇನ್ನೊಂದು ವಿಷಯ ಭಾವ," ಎಂದ ಐತಪ್ಪ. "ಮೀರಾ ರೋಡಿನಲ್ಲಿ ನಮ್ಮವರೇ ಒಬ್ಬರು, ಶಿವಕುಮಾರಿ ಅಂತ. ಮಗ ಹಿತೇಶ್ ಬೈಕಿನಿಂದ ಬಿದ್ದು ಹೋದ, ಇಪ್ಪತ್ತೆರಡು ವರ್ಷ. ಹೆಣ್ಣು ಹುಡುಕ್ತಿದ್ದಾರೆ. ನಮ್ಮ ಸಮಾಜದ ಗುರಿಕಾರರನ್ನು ಕೇಳಿದೆ. ನೀವು ಬಾಯಿಬಿಟ್ಟು 'ಬಿಟ್ಟುಕೊಟ್ಟೆ' ಅಂದ್ರೆ ಅಕ್ಕನಿಗೆ ಎರಡನೇ ಮದುವೆ ಮಾಡಬಹುದಂತೆ. ಆಟಿ ಹತ್ತಿರ ಬಂತು."

ಬೆಳಿಗ್ಗೆ ಮನೆಯಿಂದ ಹೊರಟಾಗ ನನಗೆ ಬೇಕಾಗಿದ್ದದ್ದು ಅದೇ ತಾನೆ? ಎಡಗಡೆಯ ಸೀಟು ಖಾಲಿಯಾಗಬೇಕು, ಗಾಡಿ ಸಮ ಓಡಬೇಕು. ಆದರೆ ಬಾಯಿಂದ ಬಂದದ್ದು ಬೇರೆ.

"ಅದು ಹೇಗೆ ಆಗ್ತದೆ? ನನ್ನ ಹೆಂಡತಿಯನ್ನು ಕಂಡಕಂಡವರಿಗೆ ಕೊಡ್ಲಿಕ್ಕೆ ನೀವು ಯಾರು?"

ಐತಪ್ಪ ಬಾಯಿ ತೆರೆದುಕೊಂಡು ಉಳಿದ. ಫೋಟೋ ಕಂಕುಳಲ್ಲಿ ಇಟ್ಟುಕೊಂಡು ಬಂದೇಬಿಟ್ಟೆ.

ಆಮೇಲಿನ ಭಾನುವಾರಗಳನ್ನು ಹೇಗೆ ಹೇಳುವುದು? ಹೆದರಿಕೆ ಹೋಗಿರಲಿಲ್ಲ. ಸೀಟಿನಲ್ಲಿ ಆ ತಗ್ಗು ಮೂಡುವಾಗ ಪ್ರತಿ ಸಲವೂ ಕುತ್ತಿಗೆಯ ಹಿಂದೆ ತಣ್ಣಗಾಗುತ್ತಿತ್ತು. ಆದರೂ ನಾನು ಅದಕ್ಕೇ ಕಾಯುತ್ತಿದ್ದೆ. ನಲವತ್ತು ದಾಟದೆ ಓಡಿಸುತ್ತಿದ್ದೆ. ಹಿಂದಿನಿಂದ ಹಾರ್ನ್ ಹೊಡೆದವರಿಗೆ ನನ್ನ ಬಾಯಿಯ ರುಚಿ ತೋರಿಸುತ್ತಿದ್ದೆ. ದಾರಿಯಲ್ಲಿ ಅವಳಿಗೆ ಎಲ್ಲಾ ಹೇಳುತ್ತಿದ್ದೆ. ಇದು ಮಿಲ್ ಇದ್ದ ಜಾಗ, ಈಗ ಆಫೀಸು. ಇದು ಹೊಸ ರಸ್ತೆ, ಸಮುದ್ರ ತುಂಬಿಸಿ ಮಾಡಿದ್ದು, ನಿನ್ನ ಕಾಲದಲ್ಲಿ ಇಲ್ಲಿ ನೀರು. ಸಮುದ್ರದ ಬದಿಗೆ ಅವಳು ಬರುವ ಹಾಗೆ ದಾರಿ ಹಿಡಿಯುತ್ತಿದ್ದೆ. ಮಳೆ ಹನಿದರೆ ಮೊದಲು ಎಡಗಡೆಯ ಕಿಟಕಿ ಏರಿಸುತ್ತಿದ್ದೆ. ಒಮ್ಮೆ ಸಿಗ್ನಲ್ಲಿನಲ್ಲಿ ಪಕ್ಕದ ರಿಕ್ಷಾದವನು ನನ್ನನ್ನೇ ನೋಡಿ ಕೈಮುಗಿದ. ಹುಚ್ಚ ಎಂದುಕೊಂಡನೋ, ಏನು ಕಂಡನೋ, ಕೇಳುವ ಧೈರ್ಯ ನನಗಾಗಲಿಲ್ಲ.

"ನಿಮ್ಮ ಮುಖ ಇಳಿದಿದೆ ಅಣ್ಣಾ," ಎನ್ನುತ್ತಿದ್ದಳು ನೀಲಾವತಿ. "ಅವಳು ನಿಮ್ಮನ್ನು ಕರ್ಕೊಂಡು ಹೋಗ್ತಾಳೆ. ಬಿಟ್ಟುಬಿಡಿ."

"ಕರ್ಕೊಂಡು ಹೋಗ್ಲಿ. ಇಲ್ಲಿ ಯಾರು ಅಳುವವರು?"

"ನಾನು!" ಎಂದು ಅವಳು ಪಾತ್ರೆ ಕುಕ್ಕಿದಳು.

ಒಂದು ದಿನ ಮಧ್ಯಾಹ್ನ ಗ್ಯಾರೇಜಿನಲ್ಲಿ ಪ್ಲಗ್ ಒರೆಸುತ್ತಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಮೇಲಿನ ವಯಸ್ಸು, ಕೈಯಲ್ಲಿ ಕೊಡೆ, ಲೋಕಲ್ ಟ್ರೈನಿನಲ್ಲಿ ಬಂದ ಬೆವರು.

"ನಾನು ಶಿವಕುಮಾರಿ. ಹಿತೇಶನ ಅಮ್ಮ."

ನಾನು ಎದ್ದು, "ನೋಡಿ ಅಮ್ಮಾ, ಕೇಳ್ಲಿಕ್ಕೆ ಬಂದದ್ದಾದ್ರೆ ಸುಮ್ಮನೆ ದಣಿಬೇಡಿ," ಎಂದೆ.

"ಕೇಳ್ಲಿಕ್ಕೆ ಅಲ್ಲ ಅಣ್ಣಾ. ಒಮ್ಮೆ ನೋಡಿ ಹೋಗುವ ಅಂತ."

ಗಾಡಿಯ ಹತ್ತಿರ ಬಂದು ಬಗ್ಗಿ ಎಡಗಡೆಯ ಸೀಟನ್ನು ನೋಡಿದಳು. ಹೆಣ್ಣು ನೋಡಲು ಬಂದವರ ನೋಟವೇ. ಶೆಟ್ಟೆಪ್ಪ ಅವಳಿಗೆ ಕೂರಲು ಬೇರೇನೂ ಸಿಗದೆ, "ಗಾಡ್ಯಾಗ ಕುಂದರ್ರಿ ಅಮ್ಮಾರ," ಎಂದ. ಅವಳು ತಲೆಯಾಡಿಸಿದಳು. "ಅಲ್ಲಿ ಆಳುಂಟಲ್ಲ."

ಡಬ್ಬಿಯ ಮೇಲೆ ಕೂತು ಚಹಾ ಕುಡಿಯುತ್ತ ತಾನಾಗಿ ಹೇಳಿದಳು. ಮಗನಿಗೆ ಗಾಡಿಯೆಂದರೆ ಪ್ರಾಣ, ಇಂಥದ್ದು ಕಂಡಿದ್ದರೆ ಊಟ ಬಿಟ್ಟು ಇಲ್ಲೇ ಇರುತ್ತಿದ್ದ. ಹುಡುಗಿಯರ ಹತ್ತಿರ ಮಾತಾಡಲು ಮಾತ್ರ ನಾಚಿಕೆ. ಘೋಡ್‌ಬಂದರ್ ರಸ್ತೆಯಲ್ಲಿ ಬೈಕು ಜಾರಿತು. "ಕನಸಲ್ಲಿ ಬರ್ತಾನೆ ಅಣ್ಣಾ. ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡು ಬಾಗಿಲಲ್ಲಿ ನಿಲ್ತಾನೆ. ಒಳಗೆ ಬಾ ಅಂದ್ರೆ ಬರುವುದಿಲ್ಲ. 'ಅಮ್ಮಾ, ನಾನು ಒಬ್ಬನೇನಾ?' ಅಂತ ಕೇಳ್ತಾನೆ. ನಾನೆಂತ ಹೇಳ್ಲಿ?"

ಲೋಟ ತೊಳೆದಿಟ್ಟು, ಕೊಡೆ ತೆಗೆದುಕೊಂಡು ಹೋದಳು. ಬಿಟ್ಟುಕೊಡಿ ಎಂಬ ಮಾತು ಅವಳ ಬಾಯಿಂದ ಬರಲೇ ಇಲ್ಲ. ನಾನು ಮತ್ತೆ ಪ್ಲಗ್ ಕೈಗೆತ್ತಿಕೊಂಡೆ, ಆದರೆ ಕೆಲಸ ಸಾಗಲಿಲ್ಲ.

ಮಾರನೆಯ ಬೆಳಿಗ್ಗೆ ಗಡ್ಡ ಕೆರೆಯುತ್ತಿದ್ದೆ. ಹರಿಣಿಯ ಫೋಟೋವನ್ನು ಕನ್ನಡಿಯ ಪಕ್ಕದಲ್ಲೇ ಇಟ್ಟಿದ್ದೆ. ಒಂದು ಕಡೆ ಅವಳು, ಇನ್ನೊಂದು ಕಡೆ ಸೋಪಿನ ನೊರೆಯೊಳಗೆ ನಾನು. ಅಷ್ಟು ದಿನ ಒಟ್ಟಿಗೆ ನೋಡಿಯೇ ಇರಲಿಲ್ಲ. ಅವಳು ಹತ್ತೊಂಬತ್ತರ ಹುಡುಗಿ. ಇನ್ನು ಹತ್ತು ವರ್ಷ ಬಿಟ್ಟರೂ ಹತ್ತೊಂಬತ್ತೇ. ನಾಳೆಯೇ ನಾನು ಸತ್ತು ಅಲ್ಲಿಗೆ ಹೋದೆ ಎಂದಿಟ್ಟುಕೊಳ್ಳಿ, ಅವಳೆದುರು ಹೋಗಿ ನಿಲ್ಲುವವನು ಯಾರು? ಬಿ.ಪಿ., ಶುಗರ್, ಕಟ್ಟಿಸಿದ ಹಲ್ಲು, ಮೊಣಕಾಲಿಗೆ ಪಟ್ಟಿ. ನಲವತ್ತು ವರ್ಷ ಬಾಗಿಲಲ್ಲಿ ಕಾದ ಹುಡುಗಿಗೆ ಸಿಗುವುದು ಇದು! ಅವಳು ನನ್ನನ್ನು ನೋಡಿ 'ಅಜ್ಜಾ, ಯಾರು ಬೇಕು?' ಎಂದು ಕೇಳಿಯಾಳು. ಮೊದಲು ನಗು ಬಂತು. ಆಮೇಲೆ ಕೆರೆಯುವುದನ್ನು ನಿಲ್ಲಿಸಿ, ನಲ್ಲಿ ಜೋರಾಗಿ ಬಿಟ್ಟು, ಬಾತ್‌ರೂಮಿನಲ್ಲೇ ಅತ್ತೆ. ಅಮ್ಮ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಹೊರಗೆ ಬಂದು ಐತಪ್ಪನಿಗೆ ಫೋನು ಮಾಡಿದೆ. "ದಿನ ನೋಡು," ಎಂದೆ.

ಒಮ್ಮೆ ಮದುವೆಯಾದ ಹೆಣ್ಣು ಹೊರಡುವುದು ಗಂಡನ ಮನೆಯಿಂದ ತಾನೆ? ಆಟಿಯ ಆ ದಿನ ನೀಲಾವತಿ ತಾನೇ ಹೋಗಿ ಮಡಿಕೆ ಬಿಚ್ಚದ ಹಸಿರು ಸೀರೆ, ಬಳೆ, ಮಲ್ಲಿಗೆ ತಂದಳು. ಅಡುಗೆಮನೆಯಲ್ಲಿ ಎಲೆ ಹಾಕಿ, ಕೆಸುವಿನೆಲೆಯ ಪತ್ರೊಡೆ ಬಡಿಸಿ, "ತಪ್ಪಾಯ್ತು ಅತ್ತಿಗೆ, ಇಲ್ಲಿಗೆ ಬಂದ ಮೇಲೆ ನಿಮಗೆ ಬಡಿಸ್ಲಿಲ್ಲ," ಎಂದು ಗೋಡೆಯತ್ತ ನೋಡುತ್ತ ಹೇಳಿದಳು. ಸೀರೆಯ ತಟ್ಟೆಯನ್ನು ನಾನು ಕೆಳಗೆ ತಂದು ಎಡಗಡೆಯ ಸೀಟಿನ ಮೇಲೆ ಇಟ್ಟೆ. ಗಾಡಿ ಎಡಕ್ಕೆ ವಾಲಿತು, ನಾನಿನ್ನೂ ಹತ್ತಿರಲಿಲ್ಲ. ಮೊದಲ ಸಲ ಅವಳು ನನಗಿಂತ ಮುಂಚೆ ಹತ್ತಿದ್ದಳು. ಹೊರಡಲು ಅವಸರವೋ ಏನೋ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಪರೇಲಿನಿಂದ ಕುರ್ಲಾದ ತನಕ ನಾನು ಮಾತಾಡಲಿಲ್ಲ. ಫ್ಲೈಓವರಿನ ಮೇಲೆ ರಸ್ತೆ ಖಾಲಿಯಿತ್ತು. ಬೇಕೆಂದೇ ಸ್ವಲ್ಪ ಅದುಮಿದೆ. 'ಕಟ್' ಎಂದಿತು. ಆ ಸದ್ದು ಇನ್ನೊಮ್ಮೆ ಕೇಳಬೇಕಿತ್ತು ನನಗೆ, ಅಷ್ಟೆ. ನಿಧಾನ ಮಾಡಿದೆ.

ಐತಪ್ಪನ ಚಾಳಿನ ಮುಂದೆ ಶಾಮಿಯಾನ ಹಾಕಿದ್ದರು. ನಾನು ತಟ್ಟೆ ಎತ್ತಿಕೊಂಡು ಒಳಗೆ ನಡೆದೆ. ಒಂದು ಸೀರೆ, ನಾಲ್ಕು ಬಳೆ, ಆದರೆ ಮಣೆಯ ಹತ್ತಿರ ಇಳಿಸುವಾಗ ಕೈ ಸೋತುಹೋಗಿತ್ತು. ಇನ್ನೊಂದು ಮಣೆಯ ಮೇಲೆ ಹೊಸ ಪ್ಯಾಂಟು, ಶರ್ಟು, ಪಕ್ಕದಲ್ಲಿ ಹಿತೇಶನ ಫೋಟೋ. ಕುಡಿಮೀಸೆಯ ಹುಡುಗ, ಸಂಕೋಚದ ನಗು. ಬೈಯಲು ಏನಾದರೂ ಸಿಗುತ್ತದೋ ಎಂದು ನೋಡಿದೆ, ಸಿಗಲಿಲ್ಲ.

ಸಮಾಜದ ಹಿರಿಯ, ಗುರಿಕಾರ, ನನ್ನನ್ನು ಎದುರಿಗೆ ನಿಲ್ಲಿಸಿದ. "ಶಾಂತಪ್ಪಾ, ಈ ಹೆಣ್ಣನ್ನು ಬಿಟ್ಟುಕೊಡ್ತೀಯಾ?"

ಜನ ಕಾದರು. ಐತಪ್ಪ ನೆಲ ನೋಡುತ್ತಿದ್ದ. ಶಿವಕುಮಾರಿ ಕಣ್ಣು ಮುಚ್ಚಿಕೊಂಡಿದ್ದಳು.

"ಬಿಟ್ಟುಕೊಡ್ತೇನೆ," ಎಂದೆ.

"ಸಂತೋಷದಲ್ಲಿಯಾ?"

"ಸಂತೋಷ ಗಿಂತೋಷ ಕೇಳ್ಬೇಡಿ ಮಾರಾಯ್ರೇ! ಬಿಟ್ಟೆ ಅಂದೆನಲ್ಲ!" ಎಂದು ಕಿರುಚಿದೆ. ಗುರಿಕಾರ ಗಾಬರಿಯಾಗಿ ಅಕ್ಕಿ ಎರಚಿದ. ಹೆಂಗಸರು ಹಾಡು ಎತ್ತಿದರು. ಕರಿಮಣಿಯನ್ನು ಸೀರೆಯ ಮೇಲೆ ಇಟ್ಟರು. ಅದಾದ ಮೇಲೆ ನಾನು ಆ ಕಡೆ ನೋಡಲಿಲ್ಲ.

ಊಟಕ್ಕೆ ಎಲೆ ಹಾಕಿದಾಗ ಶಿವಕುಮಾರಿ ಬಂದು ನನ್ನ ಪಕ್ಕದಲ್ಲಿ ಕೂತಳು. ಹೊಸ ಸೊಸೆ ಬಂದ ಮನೆಯವಳ ಹಾಗೆ ಮುಖ ಬೆಳಗಿತ್ತು. ಸ್ವಲ್ಪ ಹೊತ್ತು ಅನ್ನ ಕಲಸುತ್ತ ಕೂತು, ನನ್ನ ಕಡೆ ಬಾಗಿ, ಮೆಲ್ಲಗೆ ಕೇಳಿದಳು.

"ಅಣ್ಣಾ, ಅವಳನ್ನು ಬಲ್ಲವರು ನೀವೊಬ್ಬರೇ. ಹೇಗೆ ಹುಡುಗಿ?"

ನಾನು ಲೋಟದ ನೀರು ಪೂರ್ತಿ ಕುಡಿದೆ. "ಒಳ್ಳೆ ಹುಡುಗಿ. ರಗಳೆ ಇಲ್ಲ. ಎಷ್ಟು ಮಾತಾಡಿದ್ರೂ ಕೇಳ್ತಾಳೆ. ಕಿಟಕಿ ಬದಿ ಬೇಕು, ಸಮುದ್ರ ಕಾಣ್ಬೇಕು. ವೇಗ ಒಂದು ಆಗುವುದಿಲ್ಲ ಅವಳಿಗೆ, ಹೆದರ್ತಾಳೆ. ನಿಮ್ಮ ಹುಡುಗನಿಗೆ ನಿಧಾನ ಓಡಿಸ್ಲಿಕ್ಕೆ ಹೇಳಿ."

ಅವಳ ಕೈ ಎಲೆಯ ಮೇಲೆ ನಿಂತಿತು.

"ಹೇಳ್ತಿದ್ದೆ ಅಣ್ಣಾ," ಎಂದಳು. "ದಿನಾ ಹೇಳ್ತಿದ್ದೆ."